ಕೊಲ್ಲಂ ಸುಣ್ಣಕಲ್ಲಿನ ಸಾಕ್ಷ್ಯ

ಗೋಕರ್ಣದಿಂದ ಕನ್ಯಾಕುಮಾರಿಯವರೆಗಿನ ನಾಡನ್ನು ಪರಶುರಾಮನು ಸಮುದ್ರರಾಜನಿಂದ ಪಡೆದನೆಂಬ ಐತಿಹ್ಯವು ತುಳುನಾಡಿನವರಿಗೂ ಕೇರಳೀಯರಿಗೂ ಸಮಾನವಾದ ಸ್ವತ್ತು. ಭೂವಿಜ್ಞಾನವು ಇದನ್ನು ಸಮರ್ಥಿಸುತ್ತದೆಯೆಂದು ಕೆಲವರೂ, ಇದು ಬರಿಯ ಕಟ್ಟುಕಥೆಯೆಂದು ಮತ್ತೆ ಕೆಲವರೂ ವಾದಿಸುವುದುಂಟು. ವಾದಕ್ಕೆ ಮೊದಲು ಸಾಕ್ಷ್ಯವನ್ನು ಪರಿಶೀಲಿಸುವುದು ಇತಿಹಾಸಾಭ್ಯಾಸಿಗಳ ಧರ್ಮವಷ್ಟೆ. ಈ ತೀರದಲ್ಲಿ ಪ್ರಾಚೀನ ಸಮುದ್ರವು ತನ್ನ ಕುರುಹನ್ನು ನಿಸ್ಸಂದಿಗ್ಧವಾಗಿ ಉಳಿಸಿಹೋಗಿರುವ ಸ್ಥಳವೊಂದುಂಟು. ಅದು ಕೊಲ್ಲಂ ಜಿಲ್ಲೆಯಲ್ಲಿ, ಅಷ್ಟಮುಡಿ ಸರೋವರದ ದಂಡೆಯ ಮೇಲಿರುವ ಪಡಪ್ಪಕ್ಕರ.

ಇಲ್ಲಿ ದಂಡೆಯ ತಗ್ಗಾದ ಕಡಿದಿನಲ್ಲಿ ಸುಣ್ಣಕಲ್ಲಿನ ಸ್ತರವೊಂದು ಹೊರಗೆ ಕಾಣುತ್ತದೆ. ಅದರೊಳಗೆ ಶಂಖಗಳು, ಇಬ್ಬದಿ ಚಿಪ್ಪುಗಳು, ಹವಳಗಳು, ಕಡಲಮುಳ್ಳಿನ ಜೀವಿಗಳ ಕವಚಗಳು, ಮೀನುಗಳ ಕಿವಿಗಲ್ಲುಗಳು ಹುದುಗಿವೆ. ಇವು ಮಯೋಸೀನ್ ಯುಗದ ಪೂರ್ವಭಾಗದವು. ಎಂದರೆ ಸುಮಾರು 2 ಕೋಟಿಯಿಂದ 1 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಅವಧಿಯವು. ಬೆಚ್ಚಗಿನ, ಆಳವಿಲ್ಲದ, ತಳದವರೆಗೆ ಬಿಸಿಲು ಮುಟ್ಟುತ್ತಿದ್ದ ನೀರಿನಲ್ಲಿ ಈ ಜೀವಸಮುದಾಯವು ಬಾಳಿತ್ತು. ಅಲ್ಲಿ ಕಡಲಹುಲ್ಲಿನ ಬಯಲುಗಳಿದ್ದುವೆಂದು ಇತ್ತೀಚಿನ ಸಂಶೋಧಕರು ಊಹಿಸಿದ್ದಾರೆ.

ಈ ಕಲ್ಲಿನ ಚರಿತ್ರೆಗೂ ಮುಂಬಯಿಗೂ ಇರುವ ಸಂಬಂಧವು ನಮ್ಮ ವಾಚಕರಿಗೆ ವಿಶೇಷವಾಗಿ ಆಸಕ್ತಿಯನ್ನುಂಟುಮಾಡೀತು. 1840ರಿಂದ 1860ರವರೆಗೆ ತಿರುವಾಂಕೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಜನರಲ್ ವಿಲಿಯಂ ಕಲೆನ್ ಎಂಬಾತನು ಕೊಲ್ಲಂ ಪರಿಸರದ ಈ ಸುಣ್ಣಕಲ್ಲನ್ನು ಮೊದಲು ಗುರುತಿಸಿದವನು. ಅದರೊಳಗಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದವನು ಮುಂಬಯಿಯಲ್ಲಿ ವೈದ್ಯನಾಗಿದ್ದ ಹೆನ್ರಿ ಜಾನ್ ಕಾರ್ಟರ್. ಈತನು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಕಾರ್ಯದರ್ಶಿಯೂ ಆಗಿದ್ದನು. ಪಶ್ಚಿಮ ಭಾರತದ ಭೂವಿಜ್ಞಾನ ಲೇಖನಗಳ ಸಂಕಲನವೊಂದನ್ನು 1857ರಲ್ಲಿ ಸಂಪಾದಿಸಿದನು. ಇಂದು ನಾವು ಹಳೆಯ ಗ್ರಂಥಗಳನ್ನು ಅರಸಿಕೊಂಡು ಹೋಗುವ ಟೌನ್‌ಹಾಲಿನ ಸಂಸ್ಥೆಯೇ ಅದು.

1853ರಲ್ಲಿ ಕಾರ್ಟರನು ಇಲ್ಲಿಯ ಒಂದು ಪಳೆಯುಳಿಕೆಗೆ ‘ಆರ್ಬಿಟೊಲೈಟಿಸ್ ಮಲಬಾರಿಕ’ ಎಂದು ಹೆಸರಿಟ್ಟನು. ಅದು ನಾಣ್ಯದಂತೆ ದುಂಡಗಿರುವ, ಮಿಲಿಮೀಟರುಗಳಲ್ಲಿ ಅಳೆಯಬಹುದಾದ ಗಾತ್ರದ ಒಂದು ಏಕಕೋಶ ಜೀವಿಯ ಕವಚ. ಅದರೊಳಗಿನ ಕಿರುಕೋಣೆಗಳು ಒಂದರ ಸುತ್ತ ಒಂದು ವರ್ತುಲವಾಗಿ ಜೋಡಣೆಗೊಂಡಿಲ್ಲ, ಸುರುಳಿಯಾಗಿ ಬೆಳೆದಿವೆ ಎಂಬುದು ಆತನ ವಾದ. ಈ ಬಗೆಯ ಜೀವಿಗಳ ವರ್ಗೀಕರಣದಲ್ಲಿ ಫ್ರೆಂಚ್ ವಿದ್ವಾಂಸ ದ ಆರ್ಬಿನ್ಯಿಯು ಮಾಡಿದ್ದ ವಿಭಾಗವನ್ನೇ ಆತನು ಹೀಗೆ ಪ್ರಶ್ನಿಸಿದನು. ಮುಂದೆ ಈ ಜೀವಿಯ ಕುಲನಾಮವು ಬದಲಾಯಿತು. ಈಗ ಅದನ್ನು ‘ಸ್ಯೂಡೊಟಾಬೆರೀನ ಮಲಬಾರಿಕ’ ಎನ್ನುತ್ತಾರೆ. ಆದರೆ ‘ಮಲಬಾರಿಕ’ ಎಂಬ ಊರಗುರುತು ಮಾತ್ರ ಅಳಿಯಲಿಲ್ಲ. ಕಚ್ಛ, ಶ್ರೀಲಂಕಾ, ಇಂಡೊನೇಷ್ಯದ ದ್ವೀಪಗಳು—ಎಲ್ಲಿಯೇ ಇದು ದೊರೆಯಲಿ, ಆ ಸ್ತರದ ಕಾಲವನ್ನು ನಿರ್ಣಯಿಸಲು ಇದು ಸೂಚಕವಾಗುತ್ತದೆ.

1882ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಈ ಸ್ತರಕ್ಕೆ ‘ಕ್ವಿಲಾನ್’ ಎಂದೂ, ಅದರ ಮೇಲಣ ಮರಳುಗಲ್ಲು ಮತ್ತು ಜೇಡಿಯ ಸ್ತರಗಳಿಗೆ ‘ವರ್ಕಲ’ ಎಂದೂ ನಾಮಕರಣ ಮಾಡಿದನು. 1961ರಲ್ಲಿ ಎ. ಕೆ. ಡೇ ಅವರು ಕ್ವಿಲಾನ್ ಸ್ತರದ ಚಿಪ್ಪುಜೀವಿಗಳನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು.

ಈ ಸ್ತರಗಳ ಅನುಕ್ರಮವನ್ನು ಗಮನಿಸಿದರೆ ಐತಿಹ್ಯದ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಕೆಳಗೆ ಕಡಲಿನ ಸುಣ್ಣಕಲ್ಲು; ಅದರ ಮೇಲೆ, ಜವುಗು ನೆಲದ ಗುರುತಾದ ಕಂದುಕಲ್ಲಿದ್ದಲಿನ ಪದರಗಳನ್ನೊಳಗೊಂಡ ವರ್ಕಲದ ಜೇಡಿ, ಮರಳುಗಲ್ಲು; ಎಲ್ಲಕ್ಕಿಂತ ಮೇಲೆ ನಮಗೆ ಚಿರಪರಿಚಿತವಾದ ಮುರಕಲ್ಲು. ಸಮುದ್ರವು ಒಂದು ಕೊಡಲಿಯೇಟಿಗೆ ಹಿಂಜರಿಯಲಿಲ್ಲ. ಅದು ಬಂದಿತು, ನಿಂತಿತು, ನಿಧಾನವಾಗಿ ಸರಿಯಿತು. ಅದೂ ಇಡಿಯ ಪಶ್ಚಿಮ ತೀರದಲ್ಲಿ ಏಕಕಾಲಕ್ಕೆ ನಡೆದುದೆಂದು ಈ ಒಂದು ಸ್ಥಳದಿಂದ ಸಾಧಿಸಲಾಗದು. ಈ ಘಟನೆಯನ್ನು ಕಂಡ ಮನುಷ್ಯನೂ ಇರಲಿಲ್ಲ. ಆದುದರಿಂದ ಕಲ್ಲನ್ನು ಪುರಾಣದ ಸಾಕ್ಷಿಗೆ ಎಳೆಯುವುದು ಎರಡಕ್ಕೂ ಅನ್ಯಾಯ.

ಶಾಸನಗಳ ವ್ಯಾಸಂಗ ಮಾಡಿದವರಿಗೆ ಮತ್ತೊಂದು ವಿಷಯವು ಸುಲಭವಾಗಿ ಮನಗಾಣುವುದು. ರೈಸ್ ಸಾಹೇಬನು ಶಾಸನಗಳನ್ನು ತಾಲ್ಲೂಕು, ಗ್ರಾಮಗಳ ಕ್ರಮದಲ್ಲಿ ಅಚ್ಚುಹಾಕಿಸಿದುದರಿಂದಲೇ ಅವುಗಳ ಅರ್ಧ ಪ್ರಯೋಜನವು ಸಿದ್ಧಿಸಿತು. ಹಾಗಿದ್ದೂ ಕಿತ್ತು ತಂದ ಶಾಸನದಲ್ಲಿ ಅಕ್ಷರವಾದರೂ ಉಳಿದಿರುತ್ತದೆ. ಸ್ತರದಿಂದ ಬೇರ್ಪಟ್ಟ ಚಿಪ್ಪಿನಲ್ಲಿ ಬಹುತೇಕ ಅದೂ ಇಲ್ಲ. ಅದು ದಿನಾಂಕವಿಲ್ಲದ ಜಮಾಖರ್ಚಿನ ನಮೂದಿನಂತೆ. ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ಪಳೆಯುಳಿಕೆಯ ಲಿಪಿ. ಪಡಪ್ಪಕ್ಕರದ ಕಡಿದು ಚಿಕ್ಕದು. ಸರೋವರದ ಅಲೆಗಳು ಅದನ್ನು ತಿನ್ನುತ್ತಲಿವೆ. ಹತ್ತಿರದಲ್ಲಿ ಮುರಕಲ್ಲು ಮುಚ್ಚಿಕೊಂಡಿರುವೆಡೆಯಲ್ಲೆಲ್ಲ ಈ ಸ್ತರವು ಕಣ್ಣಿಗೆ ಬೀಳುವುದಿಲ್ಲ.

ಮೇಲಿನ ಸ್ತರಕ್ಕೆ ಹೆಸರಿತ್ತ ವರ್ಕಲದ ಕಡಲಕಡಿದೂ, ಉಡುಪಿಯ ಸಮೀಪದ ಸೇಂಟ್ ಮೇರಿ ದ್ವೀಪಗಳ ಶಿಲಾಸ್ತಂಭಗಳೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿವೆ. ಭೂಪರಂಪರೆಯ ತಾಣಗಳ ರಕ್ಷಣೆಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ಒಂದು ಕರಡು ಮಸೂದೆಯನ್ನು ಪ್ರಕಟಿಸಿತು. ನೋಡಲು ಭವ್ಯವಾದವುಗಳಿಗೆ ರಕ್ಷಣೆಯು ಬೇಗ ದೊರೆಯುವುದು ಲೋಕಸ್ವಭಾವ. ಪಡಪ್ಪಕ್ಕರದಲ್ಲಿ ಅಂಥ ಭವ್ಯತೆಯಿಲ್ಲ. ಆದರೆ ಹಿಂದೂ ಮಹಾಸಾಗರದ ಸುತ್ತಲಿನ ಕಲ್ಲುಗಳ ಕಾಲವನ್ನಳೆಯುವ ಒಂದು ಮಾನದಂಡಕ್ಕೆ ಮಲಬಾರಿನ ಹೆಸರನ್ನು ಕೊಟ್ಟುದು ಇಂಥ ಕಲ್ಲೇ. ಮಾನದಂಡದಲ್ಲಿ ಸಂದೇಹವುಂಟಾದಾಗ ಮರಳಿ ನೋಡುವುದಕ್ಕೆ ಮೂಲವು ಇದ್ದ ಎಡೆಯಲ್ಲಿಯೇ ಇರಬೇಕು.