ಪಾವ್ಲೊ ಗೊನ್ಸಾಲ್ವಿಸ್

ಪಾವ್ಲೊ ಗೊನ್ಸಾಲ್ವಿಸ್ (5 ಫೆಬ್ರವರಿ 1979 – 12 ಜನವರಿ 2020) ಪೋರ್ಚುಗಲ್ ದೇಶದ ಮೋಟಾರ್‌ಸೈಕಲ್ ರ‍್ಯಾಲಿ ಸವಾರರು. 2013ರಲ್ಲಿ ಕ್ರಾಸ್-ಕಂಟ್ರಿ ರ‍್ಯಾಲಿಗಳ ವಿಶ್ವ ಚಾಂಪಿಯನ್ ಆದ ಇವರು, 2015ರ ಡಾಕರ್ ರ‍್ಯಾಲಿಯಲ್ಲಿ ಎರಡನೆಯ ಸ್ಥಾನ ಪಡೆದರು. 'ಸ್ಪೀಡಿ' ಎಂಬುದು ಇವರ ಅಡ್ಡಹೆಸರು. 2016ರ ಡಾಕರ್‌ನಲ್ಲಿ ತಾವೇ ಮುನ್ನಡೆಯಲ್ಲಿದ್ದಾಗ, ಬಿದ್ದು ಗಾಯಗೊಂಡಿದ್ದ ಎದುರಾಳಿಯ ನೆರವಿಗೆ ನಿಂತದ್ದರಿಂದ ಕ್ರೀಡಾಮನೋಭಾವಕ್ಕೆ ಇವರ ಹೆಸರು ಉದಾಹರಣೆಯಾಯಿತು. ಬದುಕಿನ ಕೊನೆಯ ವರ್ಷದಲ್ಲಿ ಭಾರತದ ಹೀರೊ ಮೋಟೊಸ್ಪೋರ್ಟ್ಸ್ ತಂಡದ ಸವಾರರಾಗಿದ್ದರು, ಬೆಂಗಳೂರಿನ ಸಿ. ಎಸ್. ಸಂತೋಷ್ ಆ ತಂಡದಲ್ಲಿ ಇವರ ಸಹಸವಾರರು. 2020ರ ಡಾಕರ್ ರ‍್ಯಾಲಿಯ ಏಳನೆಯ ಹಂತದಲ್ಲಿ ಸಂಭವಿಸಿದ ಅಪಘಾತದಲ್ಲಿ ನಿಧನರಾದರು.

ಆರಂಭಿಕ ಜೀವನ

ಗೊನ್ಸಾಲ್ವಿಸ್ ಉತ್ತರ ಪೋರ್ಚುಗಲ್‌ನ ಕರಾವಳಿ ಪಟ್ಟಣವಾದ ಎಸ್ಪೊಸೆಂದೆಯವರು. ಮೋಟೊಕ್ರಾಸ್, ಸೂಪರ್‌ಕ್ರಾಸ್ ಮತ್ತು ಎಂಡ್ಯೂರೊ ಎಂಬ ಮೂರೂ ಪ್ರಕಾರಗಳಲ್ಲಿ ಸ್ಪರ್ಧಿಸಿ ಹಲವು ಬಾರಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಗಳಿಸಿದರು. ಈ ಸ್ಪರ್ಧೆಗಳ ಅನುಭವದೊಂದಿಗೆ ದೂರದ ಮರುಭೂಮಿ ರ‍್ಯಾಲಿಗಳತ್ತ ಹೊರಳಿದರು. ಇದೇ ತಂಡದಲ್ಲಿ ಮುಂದೆ ಜೊತೆಯಾದ ಪೋರ್ಚುಗೀಸ್ ಸವಾರ ಜೋಕಿಂ ರೊಡ್ರಿಗಸ್ ಇವರ ಭಾವಮೈದುನ.

ಡಾಕರ್ ರ‍್ಯಾಲಿಯಲ್ಲಿ

ಡಾಕರ್ ರ‍್ಯಾಲಿಯು ಸುಮಾರು ಎರಡು ವಾರ ನಡೆಯುವ ಸ್ಪರ್ಧೆ. ಪ್ಯಾರಿಸ್‌ನಿಂದ ಸೆನೆಗಲ್‌ನ ಡಾಕರ್ ನಗರದವರೆಗೆ 1978ರ ಡಿಸೆಂಬರ್‌ನಲ್ಲಿ ಇದರ ಮೊದಲ ಆವೃತ್ತಿ ಹೊರಟಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದು, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಕಾರು ಮತ್ತು ಟ್ರಕ್‌ಗಳಲ್ಲಿ ದಾರಿ ಹೇಳಲು ಸಹಚಾಲಕರಿರುತ್ತಾರೆ. ಮೋಟಾರ್‌ಸೈಕಲ್ ಸವಾರನು ಒಬ್ಬಂಟಿ. ಹ್ಯಾಂಡಲ್ ಮೇಲೆ ಅಳವಡಿಸಿದ ರೋಡ್‌ಬುಕ್ಕನ್ನು ಓದುತ್ತ, ಗುರುತಿಲ್ಲದ ಮರಳು ಮತ್ತು ಕಲ್ಲುಗಳ ನಡುವೆ ದಿನಕ್ಕೆ ನೂರಾರು ಕಿಲೋಮೀಟರ್ ವೇಗವಾಗಿ ಸಾಗಬೇಕು. ಅವನು ಬಿದ್ದರೆ ಮೊದಲು ತಲಪುವವನು ಅನೇಕ ವೇಳೆ ಹಿಂದಿನಿಂದ ಬರುತ್ತಿರುವ ಪ್ರತಿಸ್ಪರ್ಧಿಯೇ.

ಗೊನ್ಸಾಲ್ವಿಸ್ 2006ರಲ್ಲಿ ಮೊದಲ ಬಾರಿಗೆ ಈ ರ‍್ಯಾಲಿಯಲ್ಲಿ ಭಾಗವಹಿಸಿದರು. ಒಟ್ಟು 13 ಬಾರಿ ಸ್ಪರ್ಧಿಸಿ, ನಾಲ್ಕು ಬಾರಿ ಮೊದಲ ಹತ್ತು ಸ್ಥಾನಗಳೊಳಗೆ ಬಂದರು. 2013ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಗಳಿಸಿದ ಬೆನ್ನಿಗೆ ಹೋಂಡಾ ತಂಡದ ಪರವಾಗಿ 2014ರ ಡಾಕರ್‌ಗೆ ಇಳಿದಾಗ, ಐದನೆಯ ಹಂತದಲ್ಲಿ ಇವರ ಮೋಟಾರ್‌ಸೈಕಲ್ ಬೆಂಕಿಗೆ ಆಹುತಿಯಾಗಿ ಹೊರಬೀಳಬೇಕಾಯಿತು. ಮರುವರ್ಷ ಸ್ಪೇನ್‌ನ ಮಾರ್ಕ್ ಕೋಮಾ ಅವರಿಗಿಂತ 16 ನಿಮಿಷ 53 ಸೆಕೆಂಡು ಹಿಂದೆ ಉಳಿದು ಎರಡನೆಯವರಾದರು. ಇದು ಡಾಕರ್‌ನಲ್ಲಿ ಇವರ ಅತ್ಯುತ್ತಮ ಸಾಧನೆ. ಆ ವರ್ಷ ಮೂರನೆಯ ಸ್ಥಾನ ಪಡೆದವರು ಆಸ್ಟ್ರೇಲಿಯಾದ ಟೋಬಿ ಪ್ರೈಸ್.

2016ರ ಘಟನೆ

2016ರ ಡಾಕರ್‌ನಲ್ಲಿ ಗೊನ್ಸಾಲ್ವಿಸ್ ಅಗ್ರಸ್ಥಾನದಲ್ಲಿದ್ದರು. ಪ್ರೈಸ್ ಅವರ ಬೆನ್ನಿಗಿದ್ದರು. ಬೊಲಿವಿಯಾದ ಉಯುನಿಯಿಂದ ಅರ್ಜೆಂಟೀನಾದ ಸಾಲ್ಟಾಕ್ಕೆ ಸಾಗುವ ಏಳನೆಯ ಹಂತದಲ್ಲಿ ಕೆಟಿಎಂ ತಂಡದ ಆಸ್ಟ್ರಿಯನ್ ಸವಾರ ಮಥಿಯಾಸ್ ವಾಲ್ಕ್ನರ್ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಗೊನ್ಸಾಲ್ವಿಸ್ ತಮ್ಮ ವಾಹನವನ್ನು ನಿಲ್ಲಿಸಿ, ವೈದ್ಯಕೀಯ ನೆರವು ಬರುವವರೆಗೂ ಅವರ ಬಳಿ ಇದ್ದು, ಆ ಬಳಿಕ ಮುಂದುವರಿದರು.

ಗಾಯಾಳುವಿಗಾಗಿ ನಿಂತ ಸ್ಪರ್ಧಿಯ ಸಮಯವನ್ನು ಡಾಕರ್ ಸಂಘಟಕರು ಲೆಕ್ಕಹಾಕಿ ಹಿಂದಿರುಗಿಸುತ್ತಾರೆ. ಪ್ರತಿ ವಾಹನದಲ್ಲಿರುವ ಉಪಗ್ರಹ ಸಾಧನದಿಂದ ಎಲ್ಲಿ, ಎಷ್ಟು ಹೊತ್ತು ನಿಂತರು ಎಂಬುದು ತಿಳಿಯುತ್ತದೆ. ಅದರಂತೆ ಗೊನ್ಸಾಲ್ವಿಸ್ ಅವರಿಗೂ ಕಳೆದುಕೊಂಡ ನಿಮಿಷಗಳು ಮರಳಿ ದೊರೆತು, ಅಗ್ರಸ್ಥಾನ ಉಳಿಯಿತು. ಆದರೆ ಆ ವರ್ಷದ ರ‍್ಯಾಲಿಯನ್ನು ಅವರು ಪೂರ್ಣಗೊಳಿಸಲಿಲ್ಲ. ಮುಂದಿನ ಹಂತಗಳಲ್ಲಿ ವಾಹನದ ತೊಂದರೆಯಿಂದ ಹಿಂದೆ ಬಿದ್ದು, ಹನ್ನೊಂದನೆಯ ಹಂತದಲ್ಲಿ ತಾವೇ ಅಪಘಾತಕ್ಕೀಡಾಗಿ ನಿವೃತ್ತರಾದರು. ಪ್ರೈಸ್ ವಿಜೇತರಾದರು. ಅಂದು ನೆರವು ಪಡೆದ ವಾಲ್ಕ್ನರ್ ಚೇತರಿಸಿಕೊಂಡು, 2018ರಲ್ಲಿ ಡಾಕರ್ ಗೆದ್ದರು.

ಹೀರೊ ತಂಡದಲ್ಲಿ

ಹೀರೊ ಮೋಟೊಕಾರ್ಪ್ ಸಂಸ್ಥೆಯು ಜರ್ಮನಿಯ ಸ್ಪೀಡ್‌ಬ್ರೈನ್ ಸಂಸ್ಥೆಯ ಸಹಯೋಗದಲ್ಲಿ ಕಟ್ಟಿದ ರ‍್ಯಾಲಿ ತಂಡವು 2017ರಲ್ಲಿ ಮೊದಲ ಬಾರಿಗೆ ಡಾಕರ್ ಪ್ರವೇಶಿಸಿತು. ಅದರ ಮೊದಲ ಇಬ್ಬರು ಸವಾರರು ರೊಡ್ರಿಗಸ್ ಮತ್ತು ಸಂತೋಷ್. 2015ರಲ್ಲಿ 36ನೆಯ ಸ್ಥಾನ ಪಡೆದು ಡಾಕರ್ ಪೂರ್ಣಗೊಳಿಸಿದ ಮೊದಲ ಭಾರತೀಯರೆಂಬ ಖ್ಯಾತಿ ಸಂತೋಷ್ ಅವರದು. 2019ರಲ್ಲಿ ಗೊನ್ಸಾಲ್ವಿಸ್ ಹೋಂಡಾ ತಂಡವನ್ನು ಬಿಟ್ಟು ಈ ತಂಡಕ್ಕೆ ಬಂದರು. 2020ರ ಡಾಕರ್‌ಗೆ ಇವರೊಂದಿಗೆ ರೊಡ್ರಿಗಸ್, ಸಂತೋಷ್ ಹಾಗೂ ಸ್ಪೇನ್‌ನ ಓರಿಯೊಲ್ ಮೆನಾ ಹೊರಟರು. ಮೂರನೆಯ ಹಂತದ ನಡುವೆ ಇವರ ಎಂಜಿನ್ ಕೆಟ್ಟಿತು. ಗೆಲುವಿನ ಆಸೆ ಅಲ್ಲಿಗೆ ಮುಗಿದರೂ ಎಂಜಿನ್ ಬದಲಾಯಿಸಿಕೊಂಡು ಹಂತವನ್ನು ಮುಗಿಸಿ, ಸ್ಪರ್ಧೆಯಲ್ಲಿ ಉಳಿದರು.

ನಿಧನ

2020ರ ಜನವರಿ 12ರಂದು ರಿಯಾದ್‌ನಿಂದ ವಾದಿ ಅಲ್ ದವಾಸಿರ್‌ಗೆ ಸಾಗುವ ಏಳನೆಯ ಹಂತದ 276ನೆಯ ಕಿಲೋಮೀಟರ್‌ನಲ್ಲಿ ಗೊನ್ಸಾಲ್ವಿಸ್ ಬಿದ್ದರು. ಬೆಳಗ್ಗೆ 10.08ಕ್ಕೆ ಸಂಘಟಕರಿಗೆ ಅಪಾಯದ ಸಂದೇಶ ತಲಪಿತು. ಎಂಟು ನಿಮಿಷಗಳಲ್ಲಿ ಹೆಲಿಕಾಪ್ಟರ್‌ನಲ್ಲಿ ಬಂದ ವೈದ್ಯರು ನೋಡಿದಾಗ ಅವರ ಹೃದಯ ಸ್ತಂಭನವಾಗಿ ಪ್ರಜ್ಞೆ ತಪ್ಪಿತ್ತು. ಸ್ಥಳದಲ್ಲೇ ಚಿಕಿತ್ಸೆ ನೀಡಿ ಲೈಲಾ ಆಸ್ಪತ್ರೆಗೆ ಸಾಗಿಸಿದರೂ ಅವರು ಬದುಕುಳಿಯಲಿಲ್ಲ. ಆಗ ಅವರಿಗೆ 40 ವರ್ಷ.

ಹಾಲಿ ಚಾಂಪಿಯನ್ ಆಗಿದ್ದ ಟೋಬಿ ಪ್ರೈಸ್ ಅಪಘಾತದ ಸ್ಥಳದಲ್ಲಿ ನಿಂತು, ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲಿಯೇ ಇದ್ದರು. ನಾಲ್ಕು ವರ್ಷಗಳ ಹಿಂದೆ ಗೊನ್ಸಾಲ್ವಿಸ್ ಜೊತೆ ಅಗ್ರಸ್ಥಾನಕ್ಕಾಗಿ ಸೆಣಸಿದವರು ಇವರೇ. ಪ್ರೈಸ್ ಅವರಿಗೂ ಆ ಸಮಯವನ್ನು ಹಿಂದಿರುಗಿಸಲಾಯಿತು. ಮರುದಿನದ ಎಂಟನೆಯ ಹಂತವನ್ನು ಮೋಟಾರ್‌ಸೈಕಲ್ ಮತ್ತು ಕ್ವಾಡ್ ವಿಭಾಗಗಳಿಗೆ ರದ್ದುಗೊಳಿಸಿದರು. ಹೀರೊ ತಂಡವು ಸ್ಪರ್ಧೆಯಿಂದ ಹಿಂದೆ ಸರಿಯಿತು. ಆ ಆವೃತ್ತಿಯನ್ನು ಗೆದ್ದವರು ಹೋಂಡಾ ತಂಡದಲ್ಲಿ ಗೊನ್ಸಾಲ್ವಿಸ್ ಅವರ ಜೊತೆಗಾರರಾಗಿದ್ದ ಅಮೆರಿಕದ ರಿಕಿ ಬ್ರೇಬೆಕ್.

ನಂತರದ ವರ್ಷಗಳು

ಒಂದು ವರ್ಷದ ಬಳಿಕ ಅದೇ ಎರಡು ಊರುಗಳ ನಡುವೆ, ವಿರುದ್ಧ ದಿಕ್ಕಿನಲ್ಲಿ, 2021ರ ಡಾಕರ್‌ನ ನಾಲ್ಕನೆಯ ಹಂತ ನಡೆಯಿತು. ಜನವರಿ 6ರಂದು ನಡೆದ ಈ ಹಂತದಲ್ಲಿ ಸಂತೋಷ್ ಬಿದ್ದು ತಲೆಗೆ ತೀವ್ರವಾಗಿ ಪೆಟ್ಟಾಯಿತು. ನೆದರ್ಲೆಂಡ್ಸ್‌ನ ಸವಾರ ಪಾಲ್ ಸ್ಪೀರಿಂಗ್ಸ್ ತಮ್ಮ ಸ್ಪರ್ಧೆಯನ್ನು ಬದಿಗಿಟ್ಟು ನಿಂತು ನೆರವಾದರು. ಹೆಲಿಕಾಪ್ಟರ್‌ನಲ್ಲಿ ರಿಯಾದ್‌ನ ಆಸ್ಪತ್ರೆಗೆ ಸಾಗಿಸಲಾದ ಸಂತೋಷ್ ಅವರನ್ನು ವೈದ್ಯರು ಕೆಲವು ದಿನ ಔಷಧಗಳ ಮೂಲಕ ಪ್ರಜ್ಞಾಹೀನ ಸ್ಥಿತಿಯಲ್ಲಿರಿಸಿದ್ದರು. ಅವರು ಚೇತರಿಸಿಕೊಂಡು ತಾಯ್ನಾಡಿಗೆ ಮರಳಿದರು.

ರೊಡ್ರಿಗಸ್ 2022ರ ಡಾಕರ್‌ನ ಮೂರನೆಯ ಹಂತವನ್ನು ಗೆದ್ದರು. ಡಾಕರ್‌ನಲ್ಲಿ ಭಾರತೀಯ ತಯಾರಕರ ಮೋಟಾರ್‌ಸೈಕಲ್ ಹಂತವೊಂದನ್ನು ಗೆದ್ದದ್ದು ಅದೇ ಮೊದಲು. 2024ರಲ್ಲಿ ಬೋಟ್ಸ್ವಾನಾದ ರಾಸ್ ಬ್ರಾಂಚ್ ಹೀರೊ ಪರವಾಗಿ ಒಟ್ಟಾರೆ ಎರಡನೆಯ ಸ್ಥಾನ ಪಡೆದರು.

ಡಾಕರ್ ಕಿರೀಟ ಗೊನ್ಸಾಲ್ವಿಸ್ ಅವರಿಗೆ ಒಲಿಯಲಿಲ್ಲ. ಆದರೆ ಮರಳುಗಾಡಿನಲ್ಲಿ ಬಿದ್ದವರನ್ನು ದಾಟಿ ಹೋಗಬಾರದೆಂಬ ಸವಾರರ ಕಟ್ಟಳೆಯನ್ನು ಕುರಿತು ಮಾತು ಬಂದಾಗ, ವಾಲ್ಕ್ನರ್ ಪಕ್ಕದಲ್ಲಿ ಅವರು ಕಳೆದ ಆ ನಿಮಿಷಗಳು ಇಂದಿಗೂ ಪ್ರಸ್ತಾಪವಾಗುತ್ತವೆ.