ಲೋಬಾನದ ಹೆಸರು ಹೊತ್ತ ಬೆಂಜೀನ್

ತುಮಕೂರಿನ ಮಂಡಿಪೇಟೆಯಲ್ಲಿ ಗ್ರಂಧಿಗೆ ಅಂಗಡಿಯವರನ್ನು ಲೋಬಾನ ಕೇಳಿದರೆ ಕಂದು ಬಣ್ಣದ ಗಟ್ಟಿ ಅಂಟಿನ ಚೂರುಗಳನ್ನು ಪೊಟ್ಟಣ ಕಟ್ಟಿಕೊಡುತ್ತಾರೆ. ಸಾಂಬ್ರಾಣಿ ಎಂದು ಕೇಳಿದರೂ ಎಷ್ಟೋ ಸಲ ಬರುವುದು ಅದೇ. ಚೂರನ್ನು ಒಡೆದು ನೋಡಿ, ಒಳಗೆ ಹಾಲುಬಿಳಿಯ ಮಚ್ಚೆಗಳಿರುತ್ತವೆ. ದರ್ಗಾದ ಧೂಪದಾನಿಗೂ, ಶುಕ್ರವಾರದ ಪೂಜೆಗೂ, ಎಣ್ಣೆನೀರು ಹಾಕಿಸಿಕೊಂಡ ಕೂಸಿನ ಒದ್ದೆ ತಲೆಗೂ ಇದರ ಹೊಗೆಯೇ ಬೇಕು.

ಆ ಬಿಳುಪಿನಲ್ಲೇ ಪದದ ಬೇರಿದೆ. ಅರಬ್ಬಿಯಲ್ಲಿ ಇದು ಲುಬಾನ್. ಬಿಳಿ, ಹಾಲು ಎನ್ನುವ ಅರ್ಥದ ಧಾತುವಿನಿಂದ ಬಂದದ್ದು. ತೊಗಟೆಗೆ ಕಚ್ಚು ಹಾಕಿದಾಗ ಹಾಲಿನಂತೆ ಒಸರುವ ಅಂಟಿಗೆ ಆ ಹೆಸರು. ಮೊದಲು ಅದು ಅರೇಬಿಯಾ, ಸೊಮಾಲಿಯಾ ಕಡೆಯ ಮರದ ಅಂಟು. ಆಮೇಲೆ ಸುಮಾತ್ರಾದಿಂದ ಬೇರೊಂದು ಮರದ ಅಂಟು ಪೇಟೆಗೆ ಬಂತು. ಸುಮಾತ್ರಾವನ್ನೂ ಜಾವಾ ಎಂದೇ ಕರೆಯುತ್ತಿದ್ದ ಅರಬ್ ವರ್ತಕರು ಅದಕ್ಕೆ ‘ಲುಬಾನ್ ಜಾವಿ’, ಅಂದರೆ ಜಾವಾದ ಲೋಬಾನ ಎಂದರು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಈ ಹೆಸರನ್ನು ದಾಖಲಿಸಿದ್ದಾನೆ. ಮೆಡಿಟರೇನಿಯನ್ ದಂಡೆಯ ಜನ ಮೊದಲಿನ ‘ಲು’ ಅಕ್ಷರವನ್ನು ತಮ್ಮ ಭಾಷೆಯ ಉಪಪದವೆಂದು ತಿಳಿದು ಕಳಚಿಹಾಕಿದರು. ಉಳಿದ ‘ಬಾನ್ ಜಾವಿ’ ಬಾಯಿಂದ ಬಾಯಿಗೆ ಸವೆದು ಬೆಂಜಾಯಿನ್ ಆಯಿತು. ನಾವು ಪದದ ತಲೆ ಇಟ್ಟುಕೊಂಡು ಬಾಲ ಬಿಟ್ಟೆವು. ಅವರು ತಲೆ ಬಿಟ್ಟು ಬಾಲ ಹಿಡಿದರು. ಆದ್ದರಿಂದಲೇ ಈ ಎರಡು ಪದಗಳ ನಂಟು ನಮ್ಮ ಕಿವಿಗೆ ಕೇಳಿಸುವುದಿಲ್ಲ.

1833ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಮಿಟ್‌ಷರ್ಲಿಕ್, ಈ ಅಂಟಿನಿಂದ ಹೆಸರು ಪಡೆದ ಬೆಂಜೋಯಿಕ್ ಆಮ್ಲವನ್ನು ಸುಣ್ಣದ ಜೊತೆ ಕಾಯಿಸಿ ತಿಳಿಯಾದ ದ್ರವವೊಂದನ್ನು ಪಡೆದ. ಅದಕ್ಕೆ ಬೆಂಜಿನ್ ಎಂದ. 1825ರಲ್ಲೇ ಫ್ಯಾರಡೆ ದೀಪದ ಅನಿಲದ ಗಸಿಯಲ್ಲಿ ಕಂಡಿದ್ದ ವಸ್ತುವೇ ಇದು; ಹೆಸರು ಮಾತ್ರ ಧೂಪದ್ದು ನಿಂತಿತು. ಇಂದಿನ ಬೆಂಜೀನ್ ಇದೇ. ಇದರ ಬಳಗಕ್ಕೆ ‘ಆರೋಮ್ಯಾಟಿಕ್’, ಅಂದರೆ ಪರಿಮಳದ್ದು ಎಂಬ ಬಿರುದೂ ಅಂಟಿಕೊಂಡಿತು.

ಬಿರುದು ಕೇಳಿ ಮೋಸಹೋಗಬಾರದು. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಎನ್ನುವುದರಲ್ಲಿ ಈಗ ಅನುಮಾನವಿಲ್ಲ. ಅದು ಕುದಿಯುವುದು 80 ಡಿಗ್ರಿಯಲ್ಲಾದರೂ ಬರೀ ಬಿಸಿಲಿಗೇ ಆವಿಯಾಗಿ ಹೋಗುತ್ತದೆ. ಹೀಗೆ ಸುಲಭವಾಗಿ ಆವಿಯಾಗುವ ಇಂಗಾಲದ ಸಂಯುಕ್ತಗಳಿಗೆ ಪಠ್ಯದಲ್ಲಿ ‘ಬಾಷ್ಪಶೀಲ ಸಾವಯವ ಸಂಯುಕ್ತ’ ಎನ್ನುತ್ತಾರೆ. ‘ಸಾವಯವ’ ಎಂದರೆ ಒಳ್ಳೆಯದು ಎಂದೇ ನಂಬಿರುವ ರೈತರ ನಾಡಿನಲ್ಲಿ ಈ ಹೆಸರು ಯಾರನ್ನೂ ಎಚ್ಚರಿಸುವುದಿಲ್ಲವೆಂಬ ಸಂಕಟ ನನ್ನದು. ತುಮಕೂರಿನಿಂದ ಗುಬ್ಬಿಗೆ ಹೋಗುವ ಬಿ.ಎಚ್. ರಸ್ತೆಯಲ್ಲೋ, ಕುಣಿಗಲ್ ಹಾಯುವ ಮಂಗಳೂರು ಹೆದ್ದಾರಿಯಲ್ಲೋ ಯಾವುದಾದರೂ ಬಂಕಿನಲ್ಲಿ ಮಧ್ಯಾಹ್ನ ನಿಂತು ನೋಡಿ. ಬೈಕಿನ ಟ್ಯಾಂಕಿಗೆ ಪೆಟ್ರೋಲ್ ಇಳಿದಂತೆ ಒಳಗಿದ್ದ ಆವಿ ಹೊರನೂಕಿಕೊಂಡು ಬರುತ್ತದೆ. ಟ್ಯಾಂಕಿನ ಬಾಯಿಯ ಮೇಲೆ ಗಾಳಿ ನಡುಗುವುದು ಕಣ್ಣಿಗೇ ಕಾಣುತ್ತದೆ. ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1 ಮೀರಬಾರದೆಂಬ ನಿಯಮವಿದೆ. ಆದರೂ ಪೈಪು ಹಿಡಿದ ಹುಡುಗನ ಮೂಗು ಇಡೀ ದಿನ ಅಲ್ಲೇ ಇರುತ್ತದೆ. ನಮ್ಮ ಗಾಳಿಗೆ 2009ರ ರಾಷ್ಟ್ರೀಯ ಮಾನದಂಡ ಇಟ್ಟಿರುವ ಮಿತಿ, ಘನ ಮೀಟರಿಗೆ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಬೆಂಜೀನ್. ಲೋಬಾನ, ಊದುಬತ್ತಿಗಳ ಹೊಗೆಯಲ್ಲೂ ಬೆಂಜೀನ್ ಇದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸಿಗೆ ಹೊಗೆ ಹಿಡಿಯುವುದು ಬೇಡವೆನ್ನಲು ಇಷ್ಟು ಸಾಕು.

ಗಾಳಿಗೆ ಸೇರಿದ ಬೆಂಜೀನನ್ನು ಒಡೆಯಲು ನ್ಯಾನೋ ವಸ್ತುಗಳು ನೆರವಾಗುತ್ತವೆ. ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡನ್ನೇ ತೆಗೆದುಕೊಳ್ಳಿ. ಒಂದು ಸೆಂಟಿಮೀಟರಿನ ಘನವನ್ನು 10 ನ್ಯಾನೋಮೀಟರಿನ ಘನಗಳಾಗಿ ಪುಡಿಮಾಡಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಅಂದರೆ ಐದು 30-40 ಸೈಟುಗಳಿಗಿಂತ ಹೆಚ್ಚು. ಅತಿನೇರಳೆ ಬೆಳಕು ಬಿದ್ದಾಗ ಆ ಮೇಲ್ಮೈಯಲ್ಲಿ, ಗಾಳಿಯ ತೇವ ಮತ್ತು ಆಮ್ಲಜನಕದಿಂದ, ಚುರುಕಾದ ಕಣಗಳು ಹುಟ್ಟಿ ಬೆಂಜೀನಿನ ಉಂಗುರವನ್ನು ಮುರಿಯುತ್ತವೆ. ಕೆಲಸ ಪೂರ್ತಿಯಾದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಅರ್ಧಕ್ಕೆ ನಿಂತರೆ ಫಾರ್ಮಾಲ್ಡಿಹೈಡ್‌ನಂಥ ಇನ್ನೊಂದು ವಿಷವೇ ಉಳಿಯಬಹುದು. ಸೂರ್ಯನ ಬೆಳಕಿನಲ್ಲಿ ಅತಿನೇರಳೆಯ ಪಾಲೂ ಅಲ್ಪ. ಹಾಗಾಗಿ ಬೀಸುವ ಗಾಳಿಯ ಹೆದ್ದಾರಿಯನ್ನು ಬಣ್ಣ ಬಳಿದು ಶುದ್ಧ ಮಾಡುತ್ತೇವೆಂಬ ಮಾತು ನನಗೆ ಒಪ್ಪಿಗೆಯಿಲ್ಲ.

ಥಿನ್ನರ್ ಆವಿ ತುಂಬಿದ ಸ್ಪ್ರೇ ಪೇಂಟಿಂಗ್ ಶೆಡ್ಡಿನ ಮಾತು ಬೇರೆ. ಅಲ್ಲಿ ಗಾಳಿಯನ್ನು ಫ್ಯಾನಿನಿಂದ ಎಳೆದು ಜರಡಿ ಹಾಯಿಸಬಹುದು. ಆ ಜರಡಿಗೆ ಬೇಕಾದ ಇದ್ದಿಲು ತಿಪಟೂರು, ಗುಬ್ಬಿ ಸೀಮೆಯ ತೆಂಗಿನ ಚಿಪ್ಪಿನಿಂದಲೇ ಆಗುತ್ತದೆ: ಚಿಪ್ಪನ್ನು ಸುಟ್ಟು, ಬಿಸಿ ಹಬೆ ಹಾಯಿಸಿದರೆ ಅದರಲ್ಲಿ 2 ನ್ಯಾನೋಮೀಟರಿಗೂ ಕಿರಿದಾದ ರಂಧ್ರಗಳು ತೆರೆಯುತ್ತವೆ. ಇದ್ದಿಲು ಆವಿಯನ್ನು ಹಿಡಿದಿಡುತ್ತದೆಯೇ ಹೊರತು ನಾಶ ಮಾಡುವುದಿಲ್ಲ; ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್ ಕಣ ಕೂರಿಸಿ ಅತಿನೇರಳೆ ದೀಪ ಹಚ್ಚಿದರೆ ಹಿಡಿದದ್ದನ್ನು ಅಲ್ಲೇ ಒಡೆಯಬಹುದು. ಬಂಕಿಗಂತೂ ಇಷ್ಟೂ ಬೇಡ. ಹೊರಬರುವ ಆವಿಯನ್ನು ನಳಿಕೆಯಿಂದಲೇ ಹಿಂದಕ್ಕೆ ಹೀರಿ ನೆಲದಡಿಯ ಟ್ಯಾಂಕಿಗೆ ಸೇರಿಸುವ ಉಪಕರಣ ಆಗಲೇ ಇದೆ. ಮೊದಲು ಬರಬೇಕಾದದ್ದು ಅದು.