ಮುಂಚಕ್ರ ಚಾಲನೆಯ ಡ್ರ್ಯಾಗ್ ಕಾರಿನ ಎತ್ತರ ಮತ್ತು ತೂಕ ಸಮತೋಲನ

ಮುಂಚಕ್ರ ಚಾಲನೆಯ ಡ್ರ್ಯಾಗ್ ಕಾರಿನ ಎತ್ತರ ಮತ್ತು ತೂಕ ಸಮತೋಲನ ಎಂಬುದು, ಎಂಜಿನ್ನಿನ ಶಕ್ತಿಯನ್ನು ಮುಂದಿನ ಎರಡು ಚಕ್ರಗಳ ಮೂಲಕ ಮಾತ್ರ ನೆಲಕ್ಕೆ ತಲುಪಿಸುವ ಓಟದ ಕಾರನ್ನು ಡ್ರ್ಯಾಗ್ ಸ್ಪರ್ಧೆಗೆ ಅಣಿಗೊಳಿಸುವಾಗ ಕೈಗೊಳ್ಳುವ ಹೊಂದಾಣಿಕೆಗಳ ಒಟ್ಟು ಹೆಸರು. ನೆಲದಿಂದ ಕಾರಿನ ಚೌಕಟ್ಟು ಎಷ್ಟು ಮೇಲಿರಬೇಕು, ಒಟ್ಟು ತೂಕದಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ಪಾಲು ಎಷ್ಟಿರಬೇಕು, ನಾಲ್ಕು ಮೂಲೆಗಳ ಭಾರ ಹೇಗೆ ಹಂಚಿಕೆಯಾಗಬೇಕು ಎಂಬ ಮೂರು ಪ್ರಶ್ನೆಗಳು ಇದರಲ್ಲಿ ಅಡಕವಾಗಿವೆ. ಹೊರಡುವ ಗಳಿಗೆಯಲ್ಲಿ ಮುಂದಿನ ಟೈರುಗಳಿಗೆ ಸಾಕಷ್ಟು ಹಿಡಿತ ಒದಗಿಸುವುದು ಇದರ ಮುಖ್ಯ ಉದ್ದೇಶ. ಓಟದ ಕೊನೆಯಲ್ಲಿ ಕಾರು ಹಿಂಬದಿ ಜಾರದೆ ನೇರವಾಗಿ ನಿಲ್ಲುವಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯವಾದ ಇನ್ನೊಂದು ಉದ್ದೇಶ.

ಹಿನ್ನೆಲೆ

ಡ್ರ್ಯಾಗ್ ಸ್ಪರ್ಧೆಯಲ್ಲಿ ಎರಡು ವಾಹನಗಳು ನಿಂತ ಸ್ಥಿತಿಯಿಂದ ಹೊರಟು ನೇರವಾದ ಹಾದಿಯಲ್ಲಿ ಕಾಲು ಮೈಲಿ (ಸುಮಾರು 402 ಮೀಟರ್) ಅಥವಾ ಅದರರ್ಧ ದೂರವನ್ನು ಕ್ರಮಿಸುತ್ತವೆ. ಈ ಕ್ರೀಡೆ ಅಮೆರಿಕದಲ್ಲಿ ಹಿಂಚಕ್ರ ಚಾಲನೆಯ ದೊಡ್ಡ ಕಾರುಗಳೊಂದಿಗೆ ಬೆಳೆಯಿತು. 1980ರ ದಶಕದ ಕೊನೆಯಲ್ಲಿ ಮತ್ತು 1990ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಹೋಂಡಾ ಸಿವಿಕ್, ಸಿಆರ್‌ಎಕ್ಸ್‌ನಂತಹ ಹಗುರವಾದ ಜಪಾನೀ ಕಾರುಗಳನ್ನು ಓಟಕ್ಕೆ ಸಿದ್ಧಪಡಿಸತೊಡಗಿದರು. ಇಂತಹ ಕಾರುಗಳಿಗಾಗಿಯೇ 'ಬ್ಯಾಟಲ್ ಆಫ್ ದಿ ಇಂಪೋರ್ಟ್ಸ್' ಎಂಬ ಸ್ಪರ್ಧೆ 1990ರಲ್ಲಿ ಪಾಮ್‌ಡೇಲ್‌ನಲ್ಲಿ ಆರಂಭವಾಯಿತು. ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ 2001ರಿಂದ 2007ರವರೆಗೆ ಸ್ಪೋರ್ಟ್ ಕಾಂಪ್ಯಾಕ್ಟ್ ಸರಣಿಯನ್ನು ನಡೆಸಿತು. ಸ್ಟೀಫನ್ ಪಾಪಡಾಕಿಸ್, ಲೀಸಾ ಕುಬೋ ಮೊದಲಾದವರು ಸಿವಿಕ್ ಕಾರುಗಳಲ್ಲಿ ಸ್ಪರ್ಧಿಸಿ ಹೆಸರಾದರು. ಹಿಂಚಕ್ರದ ಕಾರುಗಳಿಗಾಗಿ ರೂಢಿಯಾಗಿದ್ದ ಹೊಂದಾಣಿಕೆಗಳು ಇಲ್ಲಿ ತಲೆಕೆಳಗಾಗುತ್ತಿದ್ದುದರಿಂದ ಬೇರೆಯೇ ಆದ ಒಂದು ಪದ್ಧತಿ ಕ್ರಮೇಣ ರೂಪುಗೊಂಡಿತು.

ತೂಕದ ವರ್ಗಾವಣೆ

ಬಸ್ಸು ಹಠಾತ್ತನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ, ಕಾರು ವೇಗ ಪಡೆಯುವಾಗ ಅದರ ಭಾರದ ಒಂದು ಭಾಗ ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳಿಗೆ ಸರಿಯುತ್ತದೆ. ಹಿಂಚಕ್ರ ಚಾಲನೆಯ ಕಾರಿಗೆ ಇದು ವರ. ಮುಂಚಕ್ರ ಚಾಲನೆಯ ಕಾರಿಗೆ ಇದೇ ಶಾಪ. ಹಿಡಿತ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಚಾಲಕ ಚಕ್ರಗಳು ಹಗುರಾಗುತ್ತವೆ.

ಹೀಗೆ ಸರಿಯುವ ಭಾರವನ್ನು ಸರಳ ಸೂತ್ರವೊಂದರಿಂದ ಲೆಕ್ಕ ಹಾಕಬಹುದು. ಕಾರಿನ ಒಟ್ಟು ತೂಕವನ್ನು ವೇಗೋತ್ಕರ್ಷದಿಂದಲೂ (ಗುರುತ್ವ ವೇಗೋತ್ಕರ್ಷದ ಪ್ರಮಾಣದಲ್ಲಿ, ಅಂದರೆ 'ಜಿ'ಗಳಲ್ಲಿ) ಗುರುತ್ವ ಕೇಂದ್ರದ ಎತ್ತರದಿಂದಲೂ ಗುಣಿಸಿ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರದಿಂದ ಭಾಗಿಸಿದರೆ ಸರಿಯುವ ಭಾರ ದೊರೆಯುತ್ತದೆ.

ಉದಾಹರಣೆಗೆ, ಚಾಲಕನೂ ಸೇರಿ 1000 ಕಿ.ಗ್ರಾಂ. ತೂಗುವ, 2.5 ಮೀಟರ್ ಅಚ್ಚಿನ ಅಂತರವಿರುವ, ಗುರುತ್ವ ಕೇಂದ್ರ ನೆಲದಿಂದ 0.5 ಮೀಟರ್ ಮೇಲಿರುವ ಒಂದು ಕಾರನ್ನು ಊಹಿಸಿಕೊಳ್ಳಬಹುದು. ನಿಂತಾಗ ಅದರ ಮುಂಚಕ್ರಗಳ ಮೇಲೆ 620 ಕಿ.ಗ್ರಾಂ. (ಶೇ. 62) ಇದೆ. ಟೈರಿನ ಘರ್ಷಣ ಗುಣಾಂಕ 1.2 ಎಂದಿಟ್ಟುಕೊಂಡರೆ ಈ ಕಾರು ಚಕ್ರ ಜಾರದೆ ಪಡೆಯಬಹುದಾದ ಗರಿಷ್ಠ ವೇಗೋತ್ಕರ್ಷ 0.6 ಜಿ. ಆಗ 120 ಕಿ.ಗ್ರಾಂ. ಹಿಂದಕ್ಕೆ ಸರಿದು ಮುಂದೆ 500 ಕಿ.ಗ್ರಾಂ. ಮಾತ್ರ ಉಳಿದಿರುತ್ತದೆ. ಅಷ್ಟೇ ತೂಕದ, ಸಮಪಾಲು ಹಂಚಿಕೆಯ ಹಿಂಚಕ್ರ ಚಾಲನೆಯ ಕಾರು ಅದೇ ಟೈರುಗಳಿಂದ ಸುಮಾರು 0.79 ಜಿ ಪಡೆಯಬಲ್ಲದು. ಮುಂಚಕ್ರದ ಕಾರಿನ ಎಲ್ಲ ಹೊಂದಾಣಿಕೆಗಳೂ ಈ ಕೊರತೆಯನ್ನು ತುಂಬುವ ಯತ್ನಗಳೇ.

ಸರಿಯುವ ಭಾರದ ಈ ಸೂತ್ರದಲ್ಲಿ ಸ್ಪ್ರಿಂಗುಗಳ ಗಡಸುತನಕ್ಕೆ ಸ್ಥಾನವಿಲ್ಲವೆಂಬುದು ಗಮನಾರ್ಹ. ಹಿಂದೆ ಗಡಸು ಸ್ಪ್ರಿಂಗು ಹಾಕಿದರೆ ತೂಕದ ವರ್ಗಾವಣೆ ನಿಂತುಹೋಗುತ್ತದೆ ಎಂಬ ಅಭಿಪ್ರಾಯ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಗಡಸು ಸ್ಪ್ರಿಂಗು ಕಾರಿನ ಹಿಂಭಾಗ ಕುಸಿಯುವುದನ್ನು ತಡೆಯುತ್ತದೆ. ಮುಂಭಾಗ ಏಳುವುದನ್ನು ಕಡಿಮೆ ಮಾಡಲು ಮುಂದಿನ ಸಸ್ಪೆನ್ಷನ್ನಿನ ಇಳಿತವನ್ನು ಮಿತಿಗೊಳಿಸುತ್ತಾರೆ. ಇವೆರಡರಿಂದ ಚಕ್ರಗಳ ಕೋನಗಳು ಸ್ಥಿರವಾಗಿರುತ್ತವೆ, ಗುರುತ್ವ ಕೇಂದ್ರ ಮೇಲೇರುವುದಿಲ್ಲ. ಆದರೆ ಕಾರು ಕದಲದಂತೆ ಕಂಡರೂ ಭಾರ ಹಿಂದಕ್ಕೆ ಸರಿದೇ ಸರಿಯುತ್ತದೆ.

ತೂಕದ ಹಂಚಿಕೆ

ಮೇಲಿನ ಉದಾಹರಣೆಯ ಕಾರಿನಲ್ಲಿ ಮುಂಭಾಗದ ಪಾಲನ್ನು ಶೇ. 62ರಿಂದ 66ಕ್ಕೆ ಏರಿಸಿದರೆ ಗರಿಷ್ಠ ವೇಗೋತ್ಕರ್ಷ ಸುಮಾರು 0.64 ಜಿ ಆಗುತ್ತದೆ. ಅದರ ಬದಲು ಗುರುತ್ವ ಕೇಂದ್ರವನ್ನು 50 ಮಿ.ಮೀ. ತಗ್ಗಿಸಿದರೆ ಸಿಗುವುದು ಸುಮಾರು 0.61 ಜಿ ಮಾತ್ರ. ಆದ್ದರಿಂದ ಎತ್ತರಕ್ಕೆ ಕೈ ಹಾಕುವ ಮುನ್ನ ತೂಕದ ಸ್ಥಾನವನ್ನು ಸರಿಪಡಿಸುವುದು ಅನುಭವಿಗಳ ಕ್ರಮ.

ಮೊದಲ ಹೆಜ್ಜೆ ಹಿಂಭಾಗದ ಅನಗತ್ಯ ಭಾರವನ್ನು ಕಳೆಯುವುದು. ಹಿಂದಿನ ಆಸನ, ಹೆಚ್ಚುವರಿ ಚಕ್ರ, ಒಳಹೊದಿಕೆ ಮುಂತಾದವನ್ನು ನಿಯಮಗಳು ಅನುಮತಿಸುವಷ್ಟರ ಮಟ್ಟಿಗೆ ತೆಗೆಯುತ್ತಾರೆ. ಹಿಂದಿನ ಅಚ್ಚಿನಿಂದಾಚೆ ಇರುವ ಭಾರ ಸನ್ನೆಗೋಲಿನಂತೆ ಮುಂಭಾಗವನ್ನು ಎತ್ತುತ್ತಿರುತ್ತದೆ. ಹಿಂದಿನ ಅಚ್ಚಿನಿಂದ ಅರ್ಧ ಮೀಟರ್ ಹಿಂದಿರುವ 20 ಕಿ.ಗ್ರಾಂ. ವಸ್ತುವನ್ನು ತೆಗೆದರೆ ಹಿಂಚಕ್ರಗಳಿಂದ 24 ಕಿ.ಗ್ರಾಂ. ಇಳಿದು ಮುಂಚಕ್ರಗಳಿಗೆ 4 ಕಿ.ಗ್ರಾಂ. ಸೇರುತ್ತದೆ. ಅದೇ 20 ಕಿ.ಗ್ರಾಂ. ಭಾರವನ್ನು ಮುಂದಿನ ಅಚ್ಚಿನಿಂದ ಅರ್ಧ ಮೀಟರ್ ಮುಂದೆ ಇಟ್ಟರೆ ಮುಂಚಕ್ರಗಳಿಗೆ ಸಿಗುವುದು 24 ಕಿ.ಗ್ರಾಂ. ಸ್ಪರ್ಧಾವರ್ಗದ ಕನಿಷ್ಠ ತೂಕವನ್ನು ತಲುಪಲು ಭಾರ ಸೇರಿಸಬೇಕಾದಾಗ ಅದನ್ನು ಮುಂಭಾಗದಲ್ಲಿ, ಸಾಧ್ಯವಾದಷ್ಟು ತಗ್ಗಿನಲ್ಲಿ ಬೋಲ್ಟುಗಳಿಂದ ಭದ್ರವಾಗಿ ಕೂರಿಸುವುದು ಇದೇ ಕಾರಣದಿಂದ. ಹಿಂಚಕ್ರದ ಕಾರುಗಳಲ್ಲಿ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸುವುದುಂಟು. ಇಲ್ಲಿ ಅದನ್ನು ಮುಂದೆಯೇ ಉಳಿಸಿಕೊಳ್ಳುತ್ತಾರೆ.

ನೆಲದಿಂದ ಎತ್ತರ

ಎತ್ತರವನ್ನು ಮಡ್‌ಗಾರ್ಡಿನ ಅಂಚಿನಿಂದ ಅಳೆಯದೆ ಚೌಕಟ್ಟಿನ ಮೇಲಿನ ನಿಶ್ಚಿತ ಬಿಂದುಗಳಿಂದ, ಸಾಮಾನ್ಯವಾಗಿ ಜ್ಯಾಕ್ ಕೊಡುವ ಜಾಗಗಳಿಂದ, ಅಳೆಯಲಾಗುತ್ತದೆ. ಓಟದಲ್ಲಿ ಬಳಸುವ ಟೈರುಗಳನ್ನೇ ತೊಡಿಸಿ, ಅವುಗಳ ಗಾಳಿಯ ಒತ್ತಡವನ್ನು ಸರಿಪಡಿಸಿದ ಮೇಲೆ ಅಳೆಯಬೇಕು. ಟೈರಿನ ವ್ಯಾಸ 20 ಮಿ.ಮೀ. ಹೆಚ್ಚಿದರೆ ಆ ತುದಿ 10 ಮಿ.ಮೀ. ಮೇಲೇರುತ್ತದೆ.

ಕಾರಿನ ಮೂಗು ತಗ್ಗಿ ಹಿಂಭಾಗ ಎತ್ತರವಾಗಿರುವ ಓರೆ ನಿಲುವು ಈ ಕಾರುಗಳಲ್ಲಿ ಸಾಮಾನ್ಯ. ಆದರೆ ಓರೆಯನ್ನು ಯಾವ ತುದಿಯಿಂದ ಪಡೆಯಲಾಗಿದೆ ಎಂಬುದು ಮುಖ್ಯ. ಉದಾಹರಣೆಯ ಕಾರಿನ ಮುಂಭಾಗವನ್ನು 50 ಮಿ.ಮೀ. ಇಳಿಸಿದರೆ ಗುರುತ್ವ ಕೇಂದ್ರ ಸುಮಾರು 31 ಮಿ.ಮೀ. ತಗ್ಗುತ್ತದೆ, ಕೊಂಚ ಮುಂದಕ್ಕೂ ಸರಿಯುತ್ತದೆ. ಎರಡೂ ಸೇರಿ 0.6 ಜಿ ವೇಗೋತ್ಕರ್ಷದಲ್ಲಿ ಮುಂಚಕ್ರಗಳಿಗೆ ಸುಮಾರು 9 ಕಿ.ಗ್ರಾಂ. ಲಾಭವಾಗುತ್ತದೆ. ಬದಲಾಗಿ ಹಿಂಭಾಗವನ್ನು 50 ಮಿ.ಮೀ. ಎತ್ತಿದರೆ ಮುಂದಕ್ಕೆ ಸರಿಯುವುದು 2 ಕಿ.ಗ್ರಾಂ.ಗಿಂತ ಕಡಿಮೆ. ಗುರುತ್ವ ಕೇಂದ್ರ 19 ಮಿ.ಮೀ. ಏರುವುದರಿಂದ ಕಳೆದುಕೊಳ್ಳುವುದು ಸುಮಾರು 4.5 ಕಿ.ಗ್ರಾಂ. ನೋಟಕ್ಕೆ ಎರಡೂ ನಿಲುವುಗಳು ಒಂದೇ ಬಗೆಯವಾದರೂ ಎರಡನೆಯದರಲ್ಲಿ ನಷ್ಟವೇ ಹೆಚ್ಚು.

ಮುಂಭಾಗವನ್ನು ಮಿತಿಮೀರಿ ಇಳಿಸುವುದಕ್ಕೂ ತೊಡಕುಗಳಿವೆ.

* ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟುಗಳ ಕೋನ ಹೆಚ್ಚಿದಷ್ಟೂ ಅವುಗಳ ಕೀಲುಗಳ ಮೇಲಿನ ಒತ್ತಡ ಹೆಚ್ಚಿ, ಹೊರಡುವ ಗಳಿಗೆಯಲ್ಲಿ ಮುರಿಯುವ ಸಂಭವವಿರುತ್ತದೆ.
* ಸ್ಟಿಯರಿಂಗ್ ತೋಳುಗಳ ಮತ್ತು ಸಸ್ಪೆನ್ಷನ್ ತೋಳುಗಳ ಓಟೆ ಹೊಂದಿಕೆಯಾಗದಿದ್ದರೆ, ಕಾರು ಏರಿಳಿದಾಗ ಚಕ್ರಗಳು ತಾವಾಗಿ ಎಡಬಲಕ್ಕೆ ತಿರುಗುತ್ತವೆ.
* ನಿಂತಾಗ ಚಕ್ರ ಒಳಕ್ಕೆ ವಾಲಿದ್ದರೆ ಟೈರಿನ ಒಳ ಅಂಚು ಮಾತ್ರ ನೆಲವನ್ನು ಒತ್ತುತ್ತದೆ. ಕಾರಿನ ಮೂಗು ಎದ್ದಾಗ ಟೈರಿನ ಪೂರ್ಣ ಅಗಲ ನೆಲ ಮುಟ್ಟುವಂತೆ ಈ ವಾಲುವಿಕೆಯನ್ನು ನಿಗದಿಪಡಿಸಬೇಕು.

ಶಕ್ತಿ ಹರಿದಾಗ ಮುಂಚಕ್ರಗಳು ರಬ್ಬರ್ ಬುಷ್‌ಗಳನ್ನು ಒತ್ತಿ ಒಳಮುಖವಾಗಿ ತಿರುಗಲು ಯತ್ನಿಸುವುದರಿಂದ, ನಿಂತಾಗ ಅವುಗಳನ್ನು ನೇರವಾಗಿ ಅಥವಾ ಅತ್ಯಲ್ಪ ಹೊರಮುಖವಾಗಿ ಇರಿಸುವ ರೂಢಿಯಿದೆ. ಆದ್ದರಿಂದ ಎತ್ತರ ಬದಲಿಸಿದ ಪ್ರತಿ ಸಲವೂ ಚಕ್ರಗಳ ಕೋನಗಳನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ.

ನಾಲ್ಕು ಮೂಲೆಗಳ ತೂಕ

ಪ್ರತಿ ಚಕ್ರದ ಕೆಳಗೂ ಒಂದೊಂದು ತಕ್ಕಡಿ ಇಟ್ಟು ಕಾರನ್ನು ತೂಗುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ:

1. ನಾಲ್ಕು ತಕ್ಕಡಿಗಳೂ ಒಂದೇ ಮಟ್ಟದಲ್ಲಿರುವಂತೆ ನೆಲವನ್ನು ಸರಿಪಡಿಸುವುದು.
2. ಟೈರುಗಳ ಗಾಳಿ, ಇಂಧನ, ಇತರ ದ್ರವಗಳನ್ನು ಓಟದ ಮಟ್ಟಕ್ಕೆ ತರುವುದು.
3. ಚಾಲಕನನ್ನು ಅಥವಾ ಅಷ್ಟೇ ತೂಕವನ್ನು ಆಸನದಲ್ಲಿ ಇರಿಸುವುದು.
4. ಎಡಬಲ ಚಕ್ರಗಳನ್ನು ಬೆಸೆಯುವ ಆ್ಯಂಟಿ ರೋಲ್ ಬಾರ್‌ಗಳನ್ನು ಬಿಚ್ಚುವುದು.
5. ಕಾರನ್ನು ಮೇಲೆ ಕೆಳಗೆ ಕುಲುಕಿ ಸಸ್ಪೆನ್ಷನ್ ನೆಲೆಗೊಂಡ ಮೇಲೆ ಅಳತೆ ಬರೆದುಕೊಳ್ಳುವುದು.
6. ಸ್ಪ್ರಿಂಗಿನ ಪೀಠವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಬಾರಿಯೂ ಐದನೆಯ ಹೆಜ್ಜೆಯನ್ನು ಪುನರಾವರ್ತಿಸುವುದು.

ಒಂದು ಮೂಲೆಯ ಸ್ಪ್ರಿಂಗಿನ ಪೀಠವನ್ನು ಏರಿಸಿದಾಗ ಆ ಮೂಲೆಯ ಮತ್ತು ಅದರ ಕರ್ಣದ ಎದುರು ಮೂಲೆಯ ಭಾರ ಹೆಚ್ಚುತ್ತದೆ. ಉಳಿದೆರಡು ಮೂಲೆಗಳದು ಕಡಿಮೆಯಾಗುತ್ತದೆ. ಮಂಚದ ಒಂದು ಕಾಲಿನ ಕೆಳಗೆ ಹಲಗೆ ಇಟ್ಟಾಗ ಆಗುವುದೂ ಇದೇ. ಆದರೆ ಮುಂದಿನ ಎರಡು ಚಕ್ರಗಳ ಒಟ್ಟು ತೂಕವಾಗಲಿ, ಎಡಬದಿಯ ಒಟ್ಟು ತೂಕವಾಗಲಿ ಇದರಿಂದ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅವನ್ನು ಬದಲಿಸಲು ಭಾರದ ವಸ್ತುಗಳನ್ನೇ ಸರಿಸಬೇಕು.

ಬಲ ಮುಂಚಕ್ರ ಮತ್ತು ಎಡ ಹಿಂಚಕ್ರಗಳ ತೂಕದ ಮೊತ್ತ ಒಟ್ಟು ತೂಕದ ಅರ್ಧದಷ್ಟಿರುವುದು ಕರ್ಣ ಸಮತೋಲನದ ಗುರಿ. ಡ್ರ್ಯಾಗ್ ಕಾರಿನಲ್ಲಿ ಇದಕ್ಕಿಂತಲೂ ಮುಂದಿನ ಎರಡು ಚಕ್ರಗಳ ತೂಕ ಪರಸ್ಪರ ಸಮವಾಗಿರುವುದು ಮುಖ್ಯ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಹಗುರವಾದ ಚಕ್ರ ಜಾರತೊಡಗಿದೊಡನೆ ಇನ್ನೊಂದಕ್ಕೆ ಸಿಗುವ ಶಕ್ತಿಯೂ ಸೀಮಿತವಾಗುತ್ತದೆ. ಎಂಜಿನ್ ಅಡ್ಡಲಾಗಿ ಕುಳಿತಿರುವ ಮುಂಚಕ್ರದ ಕಾರಿನಲ್ಲಿ ಅದರ ತಿರುಗುಬಲ ಕಾರನ್ನು ಪಕ್ಕಕ್ಕೆ ವಾಲಿಸುವುದಿಲ್ಲ. ಆದಕಾರಣ ಹಿಂಚಕ್ರದ ಕಾರುಗಳಲ್ಲಿ ಮಾಡುವಂತೆ ಒಂದು ಬದಿಗೆ ಮುಂಗಡವಾಗಿ ಹೆಚ್ಚು ಭಾರ ಹೇರುವ ಅಗತ್ಯ ಇಲ್ಲಿ ಬೀಳುವುದಿಲ್ಲ.

ಡ್ಯಾಂಪರುಗಳು ಮತ್ತು ವೀಲಿ ಬಾರ್

ಡ್ಯಾಂಪರುಗಳು ಒಟ್ಟು ವರ್ಗಾವಣೆಯನ್ನು ತಡೆಯಲಾರವು. ಅದು ಎಷ್ಟು ಬೇಗ ನಡೆಯುತ್ತದೆ ಎಂಬುದನ್ನು ಮಾತ್ರ ನಿಯಂತ್ರಿಸುತ್ತವೆ. ಮುಂದಿನ ಡ್ಯಾಂಪರ್ ಹಿಗ್ಗುವುದನ್ನೂ ಹಿಂದಿನದು ಕುಗ್ಗುವುದನ್ನೂ ನಿಧಾನಗೊಳಿಸಿದರೆ ಕಾರಿನ ಮೂಗು ತಡವಾಗಿ ಏಳುತ್ತದೆ. ಮುಂದಿನದನ್ನು ಅತಿಯಾಗಿ ಬಿಗಿಗೊಳಿಸಿದರೆ ಚಕ್ರವು ಹಾದಿಯ ತಗ್ಗುಗಳನ್ನು ಅನುಸರಿಸಲಾರದೆ ಕುಪ್ಪಳಿಸತೊಡಗುತ್ತದೆ.

ವೀಲಿ ಬಾರ್ ಎಂದರೆ ಕಾರಿನ ಹಿಂದಕ್ಕೆ ಚಾಚಿಕೊಂಡಿರುವ, ತುದಿಯಲ್ಲಿ ಚಿಕ್ಕ ಗಾಲಿಗಳಿರುವ ಕಂಬಿಗಳ ಜೋಡಣೆ. ಹಿಂಚಕ್ರದ ಕಾರಿನಲ್ಲಿ ಅದು ಮುಂಭಾಗ ಅತಿಯಾಗಿ ಮೇಲೇಳದಂತೆ ತಡೆದರೆ, ಮುಂಚಕ್ರದ ಕಾರಿನಲ್ಲಿ ಹಿಂದಿನ ಆಧಾರಬಿಂದುವನ್ನು ಹಿಂದಕ್ಕೆ ಸರಿಸಿ ಕಾರನ್ನು ಉದ್ದವಾಗಿಸಿದಂತೆ ವರ್ತಿಸುತ್ತದೆ. ಉದಾಹರಣೆಯ ಕಾರಿನ ಹಿಂದಿನ ಅಚ್ಚಿನಿಂದ 1.25 ಮೀಟರ್ ಹಿಂದೆ ಗಾಲಿಗಳಿದ್ದು, ಹಿಂಭಾಗದ ಭಾರವನ್ನೆಲ್ಲ ಅವೇ ಹೊತ್ತರೆ ಗರಿಷ್ಠ ವೇಗೋತ್ಕರ್ಷ 0.6ರಿಂದ 0.77 ಜಿಗೆ ಏರುತ್ತದೆ. ಆದರೆ ಆಗ ಹಿಂದಿನ ಟೈರುಗಳಿಗೆ ಭಾರವೇ ಇರುವುದಿಲ್ಲವಾದ್ದರಿಂದ ಕಾರನ್ನು ನೇರವಾಗಿ ಹಿಡಿದಿಡುವ ಆಸರೆ ತಪ್ಪುತ್ತದೆ. ಈ ಕಾರಣದಿಂದ ಭಾರವನ್ನು ಟೈರು ಮತ್ತು ಬಾರ್‌ಗಳ ನಡುವೆ ಹಂಚುತ್ತಾರೆ.

ಸುರಕ್ಷತೆ

ಹೊರಡುವಾಗ ಅನುಕೂಲವೆನಿಸುವ ಹಗುರ ಹಿಂಭಾಗವೇ ನಿಲ್ಲಿಸುವಾಗ ಅಪಾಯಕ್ಕೆ ಕಾರಣವಾಗುತ್ತದೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಶೇ. 66ರಷ್ಟು ತೂಕ ಮುಂದಿರುವ ಉದಾಹರಣೆಯ ಕಾರು 0.8 ಜಿ ಪ್ರಮಾಣದಲ್ಲಿ ವೇಗ ತಗ್ಗಿಸಿದರೆ ಹಿಂದಿನ ಎರಡು ಚಕ್ರಗಳ ಮೇಲೆ ಉಳಿಯುವುದು ಒಟ್ಟು 180 ಕಿ.ಗ್ರಾಂ. ಮಾತ್ರ. ಹಿಂದಿನ ಬ್ರೇಕಿನ ಬಲವನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡದಿದ್ದರೆ ಆ ಚಕ್ರಗಳು ಬಿಗಿದುಕೊಂಡು, ಕಾರು ಅಡ್ಡ ತಿರುಗುವ ಸಂಭವವಿದೆ. ಅತಿ ವೇಗದಲ್ಲಿ ಚಾಲಕನು ಹಠಾತ್ತನೆ ಆಕ್ಸಿಲರೇಟರ್ ಬಿಟ್ಟಾಗಲೂ ಎಂಜಿನ್ನಿನ ತಡೆ ಮುಂಚಕ್ರಗಳ ಮೇಲೆ ಬಿದ್ದು ಹಿಂಭಾಗ ಮತ್ತಷ್ಟು ಹಗುರಾಗುತ್ತದೆ.

ಆದ್ದರಿಂದ ಹಿಂದಿನ ಬ್ರೇಕಿಗೆ ಒತ್ತಡ ನಿಯಂತ್ರಕ ಕವಾಟವನ್ನು ಅಳವಡಿಸುವುದು, ಹಿಂದಿನ ಚಕ್ರಗಳನ್ನು ಅತ್ಯಲ್ಪ ಒಳಮುಖವಾಗಿ ಇರಿಸುವುದು ಮೊದಲಾದ ಕ್ರಮಗಳನ್ನು ಕೈಗೊಳ್ಳುತ್ತಾರೆ. ಗಂಟೆಗೆ 150 ಮೈಲಿ (ಸುಮಾರು 241 ಕಿ.ಮೀ.) ವೇಗ ಮುಟ್ಟುವ ಕಾರುಗಳಿಗೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್‌ನ ನಿಯಮಗಳ ಪ್ರಕಾರ ಪ್ಯಾರಾಚೂಟ್ ಕಡ್ಡಾಯ. ಹಿಂದಿನಿಂದ ಎಳೆಯುವ ಪ್ಯಾರಾಚೂಟ್, ಹಿಂಚಕ್ರಗಳ ಹಿಡಿತವನ್ನು ನೆಚ್ಚದೆಯೇ ಕಾರನ್ನು ನೇರವಾಗಿ ಹಿಡಿಯುತ್ತದೆ. ಹೊಸ ಹೊಂದಾಣಿಕೆಯ ನಂತರ ಪೂರ್ಣ ದೂರ ಓಡಿಸದೆ, ಮೊದಲು ಚಿಕ್ಕ ಓಟಗಳಲ್ಲಿ ಹೊರಡುವಿಕೆಯನ್ನೂ ಬ್ರೇಕಿನ ವರ್ತನೆಯನ್ನೂ ಪರೀಕ್ಷಿಸುವುದು ರೂಢಿ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಅದರ ಫಲವನ್ನು ದಾಖಲಿಸಿದರೆ ಮಾತ್ರ ಯಾವ ಬದಲಾವಣೆಯಿಂದ ಏನಾಯಿತೆಂದು ತಿಳಿಯುತ್ತದೆ.

ಇದನ್ನೂ ನೋಡಿ

* ಡ್ರ್ಯಾಗ್ ರೇಸಿಂಗ್
* ಗುರುತ್ವ ಕೇಂದ್ರ
* ಘರ್ಷಣೆ
* ಡಿಫರೆನ್ಷಿಯಲ್